ಕೂತು ಹೇಳುವ ಮಾತು

ನಮ್ಮ ವಾರ್ಡಿನ ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟೂಲಿದೆ. ಒಂದು ಕಾಲದಲ್ಲಿ ಬಿಳಿ ಬಣ್ಣದ್ದಾಗಿತ್ತು, ಈಗ ಅಲ್ಲಲ್ಲಿ ಮಾತ್ರ ಬಿಳಿ. ಒಂದು ಕಾಲು ಗಿಡ್ಡವಾದ್ದರಿಂದ ಹಳೆಯ ಹವಾಯಿ ಚಪ್ಪಲಿಯ ತುಂಡೊಂದನ್ನು ಅದಕ್ಕೆ ಕಟ್ಟಿದೆ. ಸಲೈನ್ ಬಾಟ್ಲಿಗಳ ಪೆಟ್ಟಿಗೆಯನ್ನು ಎಲ್ಲರೂ ಅದರ ಮೇಲೇ ಇಡುತ್ತಾರೆ. ದಿನಕ್ಕೆ ಎರಡು ಸಲ ನಾನು ಇಳಿಸುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಯಾರೋ ಏರಿಸಿರುತ್ತಾರೆ. ಕೇಳಿದರೆ, "ಇನ್ನೆಲ್ಲಿ ಜಾಗ ಇದೆ ಅಕ್ಕಾ?" ಅನ್ನುತ್ತಾರೆ. ಅದೂ ನಿಜವೇ. ಇಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಇಪ್ಪತ್ತಾರು ಹಾಕಿಕೊಂಡು ಕೂತಿದ್ದೇವೆ. ಕೂತಿದ್ದೇವೆ ಅನ್ನುವುದು ಮಾತಿಗೆ, ಕೂರುವುದಕ್ಕೆ ಪುರುಸೊತ್ತು ಎಲ್ಲಿದೆ?

ಹೋದ ತಿಂಗಳು ನಮ್ಮನ್ನು ಮೈಸೂರಿಗೆ ಒಂದು ತರಬೇತಿಗೆ ಕಳಿಸಿದ್ದರು. ತೀರಾ ಕಾಯಿಲೆ ಬಿದ್ದವರ ಆರೈಕೆಯಲ್ಲಿ ನರ್ಸುಗಳು ಪಾಲಿಸಬೇಕಾದ ನೀತಿಗಳು ಎಂಬುದು ವಿಷಯ. ಹಿಂದಿನ ದಿನ ಎರಡು ಶಿಫ್ಟ್ ಮಾಡಿ ಹೋಗಿದ್ದೆ. ಪರದೆಯ ಮೇಲೆ ಒಂದೊಂದೇ ಮಾತು ಬಂತು: ರೋಗಿಯ ಸ್ವಾಯತ್ತತೆ, ಹಿತ ಮಾಡುವುದು, ಅಹಿತ ಮಾಡದಿರುವುದು, ನ್ಯಾಯ. ಹೇಳಿಕೊಡುತ್ತಿದ್ದ ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು, ಪಾಪ. ನನಗೆ ಎರಡನೆಯ ಮಾತಿಗೇ ತೂಕಡಿಕೆ. ಕೊನೆಯಲ್ಲಿ ಒಂದು ಹಾಳೆ ಕೊಟ್ಟರು. ಈ ನೀತಿಗಳನ್ನು ನೀವು ಮೊದಲು ಎಲ್ಲಿ ಕಲಿತಿರಿ ಎಂದು ಪ್ರಶ್ನೆ. 'ಸ್ಟೂಲಿನ ಮೇಲೆ' ಎಂದು ಬರೆದೆ. ಆಮೇಲೆ ನಗುತ್ತಾರೆ ಅಂತ ಹೊಡೆದುಹಾಕಿ 'ಕೆಲಸದಲ್ಲಿ' ಎಂದು ತಿದ್ದಿದೆ. ನಿಜವಾಗಿ ಕಲಿತೆನೋ ಇಲ್ಲವೋ, ಅದು ಬೇರೆ ಮಾತು.

ಆ ಸ್ಟೂಲು ದೊಡ್ಡ ಸಿಸ್ಟರ್ ಅವರದು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಂಜನಗೂಡಿನಲ್ಲಿ ನಮ್ಮ ಟ್ರಸ್ಟಿನ ಮೊದಲ ಆಸ್ಪತ್ರೆ ಇದೆಯಲ್ಲ, ಅಲ್ಲಿ ಅವರ ಹೆಸರು ಸಂಬಳದ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಡಾಕ್ಟರು, ಆಯಾ, ಆಂಬುಲೆನ್ಸಿನ ಡ್ರೈವರು, ಎದುರಿನ ಕ್ಯಾಂಟೀನಿನವನು, ಎಲ್ಲರಿಗೂ ದೊಡ್ಡ ಸಿಸ್ಟರೇ. ದೊಡ್ಡವರು ಅಂದುಕೊಂಡು ಹುಡುಕಿದರೆ ಕಾಣುತ್ತಿರಲಿಲ್ಲ, ಅಷ್ಟು ಗಿಡ್ಡ. ನನ್ನ ಭುಜಕ್ಕೆ ಬರುತ್ತಿದ್ದರು. ನಡೆಯುವಾಗ ಸ್ಟೂಲನ್ನು ಕಾಲಿನಲ್ಲೇ ತಳ್ಳಿಕೊಂಡು ಹೋಗುವ ಅಭ್ಯಾಸ. ಕರಕರ ಸದ್ದು ಕೇಳಿದರೆ ಇಡೀ ವಾರ್ಡಿಗೆ ಅವರು ಬರುತ್ತಿರುವುದು ತಿಳಿಯುತ್ತಿತ್ತು.

ಸಾಧ್ವಿ, ದೇವತೆ ಎಂದೆಲ್ಲ ಬೀಳ್ಕೊಡುಗೆಯ ದಿನ ಭಾಷಣ ಮಾಡಿದರು. ಮಾಡಿದವರು ಅವರ ಕೈಕೆಳಗೆ ಕೆಲಸ ಮಾಡಿದವರಲ್ಲ. ಬೆಳಗ್ಗೆ ಐದು ನಿಮಿಷ ತಡವಾದರೆ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹಾಸಿಗೆಯ ಬಟ್ಟೆ ಸುಕ್ಕಾಗಿದ್ದರೆ ಹೊಸದಾಗಿ ಹಾಸಿದ್ದನ್ನೂ ಕಿತ್ತು ನಮ್ಮ ಕೈಗೇ ಕೊಡುತ್ತಿದ್ದರು. "ನೀನು ಇದರ ಮೇಲೆ ಅಲ್ಲಾಡದೆ ಒಂದು ದಿನ ಮಲಗು, ಆಮೇಲೆ ಮಾತಾಡು" ಅನ್ನುವರು. ನನ್ನನ್ನಂತೂ 'ಛತ್ರದ ಸೊಸೆ' ಎಂದು ರೇಗಿಸುತ್ತಿದ್ದರು. ನನ್ನ ಗಂಡನ ಮನೆ ಚಿಕ್ಕಯ್ಯನಛತ್ರ. ಊಟದ ಡಬ್ಬಿ ನಾನು ಕೊಂಚ ಬೇಗ ತೆಗೆದರೆ ಸಾಕು, "ಛತ್ರದೋರಿಗೆ ಊಟದ ಹೊತ್ತು ಕರೆಕ್ಟಾಗಿ ಗೊತ್ತಾಗತ್ತೆ" ಅನ್ನುವರು.

ರೋಗಿಯನ್ನು ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮುಟ್ಟುವಾಗ ಹೇಳಿ ಮುಟ್ಟುತ್ತಿದ್ದರು. ಪ್ರಜ್ಞೆ ಇಲ್ಲದವರಿಗೂ, "ಅಣ್ಣಾ, ಎಡಕ್ಕೆ ತಿರುಗಿಸ್ತೀನಿ" ಎಂದು ಹೇಳಿಯೇ ತಿರುಗಿಸುವರು. ಒಂದು ಸಲ ಒಬ್ಬ ಯಜಮಾನರ ಬಾಯಿ ಒರೆಸಲು ಹೋದಾಗ ಅವರ ಹೆಂಡತಿ ಹಿಂಜರಿಯುತ್ತಾ, "ನೀವು ಯಾವ ಪೈಕಿ ಸಿಸ್ಟ್ರೇ?" ಎಂದು ಕೇಳಿದರು. ನಮ್ಮ ಕಡೆ ಆ ಪ್ರಶ್ನೆಗೆ ಒಂದೇ ಅರ್ಥ, ಜಾತಿ ಯಾವುದು ಎಂದು. ದೊಡ್ಡ ಸಿಸ್ಟರ್ ಹತ್ತಿಯನ್ನು ಹಿಂಡುತ್ತಾ, "ನಾನು ಬೆಳಗಿನ ಶಿಫ್ಟಿನ ಪೈಕಿ ಕಣಮ್ಮ. ಮಧ್ಯಾಹ್ನದ ಶಿಫ್ಟಿನವರು ಎರಡು ಗಂಟೆಗೆ ಬರ್ತಾರೆ. ಅಲ್ಲೀವರೆಗೂ ಇವರ ಬಾಯಿ ಒಣಗಿರ್ಲಾ?" ಅಂದರು. ಆಕೆ ತಲೆ ತಗ್ಗಿಸಿದರು. ಒರೆಸಿ ಮುಗಿಸಿ ಈಚೆ ಬಂದಮೇಲೆ ದೊಡ್ಡ ಸಿಸ್ಟರ್ ಮುಖ ಸಣ್ಣದಾಗಿತ್ತು. ಅವತ್ತು ಮಧ್ಯಾಹ್ನ ಯಾರ ಜೊತೆಯೂ ಊಟಕ್ಕೆ ಕೂರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಹೆಡತಲೆಯಿಂದ ಒಬ್ಬ ಅಜ್ಜಿಯನ್ನು ತಂದು ಸೇರಿಸಿದ್ದರು. ಎಂಬತ್ತು ದಾಟಿದ ಜೀವ, ಕೈಗಳು ಒಣಗಿದ ಸೊಪ್ಪಿನ ಹಾಗೆ. ಇನ್ನು ಒಂದೆರಡು ದಿನ ಅಷ್ಟೇ, ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆದರೆ ನಮ್ಮ ಕಡೆ ಆಸ್ಪತ್ರೆಗೆ ಸೇರಿಸುವುದು ಅಂದರೆ ಬಾಟ್ಲಿ ಹಾಕಿಸುವುದು. ಬಾಟ್ಲಿ ನೇತಾಡದ ಹಾಸಿಗೆ ಕಂಡರೆ ನೋಡಲು ಬಂದ ನೆಂಟರಿಗೆ ಸಮಾಧಾನವಿಲ್ಲ. ಮಣ್ಣು ಮಾಡಿ ಬಂದಮೇಲೂ ಊರಲ್ಲಿ ಕೇಳುವ ಮೊದಲ ಮಾತು, "ಬಾಟ್ಲು ಆಕ್ಸಿದ್ರಾ?" ಅಜ್ಜಿಯ ಮೂವರು ಗಂಡುಮಕ್ಕಳು ನನ್ನ ಸುತ್ತ ನಿಂತು, "ಒಂದ್ ಬಾಟ್ಲು ಆಕಿ ಸಿಸ್ಟ್ರೇ, ಮುಖಕ್ಕೆ ಕಳೆ ಬತ್ತದೆ" ಎಂದು ಗೋಗರೆದರು. ಸಿಕ್ಕಿದರೆ ಹಾಕಿ, ಸಿಗದಿದ್ದರೆ ಬಿಡಿ ಎಂದು ಡಾಕ್ಟರೂ ಫೋನಿನಲ್ಲಿ ಅಂದುಬಿಟ್ಟರು. ನಾನು ಸೂಜಿ ಹಿಡಿದು ನರ ಹುಡುಕತೊಡಗಿದೆ. ಬಲಗೈಯಲ್ಲಿ ನಾಲ್ಕು ಸಲ, ಎಡಗೈಯಲ್ಲಿ ಮೂರು ಸಲ ಚುಚ್ಚಿದೆ. ನಡುವೆ ಅಜ್ಜಿ, "ಸಾಕು ಕಣವ್ವಾ, ಬುಟ್ಬುಡು" ಅಂದಿತು. ಕೇಳಿಸಿತು. ಕೇಳಿಸಿಯೂ ಎಂಟನೆಯ ಸಲ ಕಾಲಿನಲ್ಲಿ ನೋಡೋಣ ಎಂದು ಹೊದಿಕೆ ಸರಿಸಿದೆ. ಮೂರು ಜನ ಗಂಡಸರು ನೋಡುತ್ತಿದ್ದರು, ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂಬ ಭಯ ನನಗೆ.

ಹಿಂದೆ ಕರಕರ ಸದ್ದಾಯಿತು. ದೊಡ್ಡ ಸಿಸ್ಟರ್ ಬಂದು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಟ್ರೇಯಲ್ಲಿಟ್ಟರು. ಚುಚ್ಚಿದ ಜಾಗಗಳಿಗೆ ಹತ್ತಿ ಒತ್ತಿ ಹಿಡಿದರು. "ಸಾಕು ಅಂದ್ರಲ್ಲ, ಕೇಳಿಸ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಅವರು ಸ್ಟೂಲನ್ನು ಹಾಸಿಗೆಯ ಪಕ್ಕಕ್ಕೆ ಎಳೆದು ಕೂತರು. ಹಿರಿಯ ಮಗನಿಗೂ ಕೂರಲು ಹೇಳಿದರು. ಆತ ಮಂಚದ ತುದಿಯಲ್ಲಿ ಕೂತ.

"ಈ ಬಾಟ್ಲಿ ಯಾರಿಗೆ ಹಾಕ್ಬೇಕು ಹೇಳಿ. ಅವ್ವನಿಗೋ, ನಿಮಗೋ?"

ಆತ ಕೆಂಡವಾದ. ಏನೋ ಬೈಯಲು ಬಾಯಿ ತೆರೆದವನು ಹಾಗೇ ನಿಲ್ಲಿಸಿದ. ದೊಡ್ಡ ಸಿಸ್ಟರ್ ಏಳಲಿಲ್ಲ, ಗಡಿಯಾರ ನೋಡಲಿಲ್ಲ. ಸುಮ್ಮನೆ ಕೂತೇ ಇದ್ದರು. ಎಷ್ಟೋ ಹೊತ್ತಾದ ಮೇಲೆ ಆತ, "ನಮ್ಗೇ ಅನ್ಕಳಿ ಸಿಸ್ಟ್ರೇ" ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಒಳಗೆ ಬಿಟ್ಟ ನೀರನ್ನ ಹೊರಗೆ ಹಾಕೋ ಶಕ್ತಿ ಆ ಮೈಗೆ ಇಲ್ಲ ಈಗ. ಎದೇಲಿ ತುಂಬ್ಕೊಳತ್ತೆ, ಉಸಿರಾಡೋಕೆ ಕಷ್ಟ ಆಗತ್ತೆ. ಒದ್ದೆ ಹತ್ತಿ ಕೊಡ್ತೀನಿ, ತುಟಿ ಆರದ ಹಾಗೆ ಒರೆಸ್ತಾ ಇರಿ. ಇದು ಮಕ್ಕಳು ಮಾಡೋ ಕೆಲಸ, ನಮ್ಮ ಕೈಲಿ ಆಗಲ್ಲ" ಅಂದರು.

ಮೂವರೂ ಸರದಿಯ ಮೇಲೆ ಒರೆಸಿದರು. ಮಾರನೆಯ ದಿನ ಮಧ್ಯಾಹ್ನ ಅಜ್ಜಿ ಹೋಯಿತು. ತಿಥಿ ಮುಗಿಸಿ ಹಿರಿಯ ಮಗ ಒಂದು ಬಾಳೆಗೊನೆ ಹೊತ್ತುಕೊಂಡು ಆಸ್ಪತ್ರೆಗೆ ಬಂದ. "ನನಗೆ ಒಬ್ಬಳಿಗೆ ಇಷ್ಟು ತಂದಿದೀರಲ್ಲ, ನಾನೇನು ಆನೇನಾ?" ಎಂದು ದೊಡ್ಡ ಸಿಸ್ಟರ್ ಅವನನ್ನೂ ಬೈದರು.

ಯಾಕೆ ಯಾವಾಗಲೂ ಸ್ಟೂಲು ಎಳೆದುಕೊಂಡು ಕೂರುತ್ತೀರಿ ಎಂದು ಆಮೇಲೆ ಒಂದು ದಿನ ಕೇಳಿದೆ. ಕಾಲು ನೋವು ಕಣೇ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಬ್ಯಾಂಡೇಜು ಸುತ್ತುತ್ತಾ ಒಂದು ಹಳೆಯ ಕಥೆ ಹೇಳಿದರು. ಅವರು ನನ್ನ ವಯಸ್ಸಿನಲ್ಲಿದ್ದಾಗ ತಾಂಡವಪುರದ ಒಬ್ಬ ಮನುಷ್ಯ ವಾರ್ಡಿನಲ್ಲಿದ್ದನಂತೆ. ಹೊಟ್ಟೆಯಲ್ಲಿ ಗೆಡ್ಡೆ. ಅವನಿಗೆ ಹೇಳಬೇಡಿ ಎಂದು ಹೆಂಡತಿ ಕೈಮುಗಿದಿದ್ದಳು. ಆದರೆ ಅವನು ಬಂದವರನ್ನೆಲ್ಲ ಕೇಳುತ್ತಿದ್ದ. ಒಂದು ದಿನ ಔಷಧಿ ಹಂಚುತ್ತಾ ಹೋಗುತ್ತಿದ್ದಾಗ ಇವರ ಸೆರಗು ಹಿಡಿದು, "ನಂಗೆ ವಾಸಿ ಆಯ್ತದಾ?" ಅಂದ. ಇವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ ಅಣ್ಣ" ಅಂದರು. ಅಂದು, ಮುಂದಿನ ಹಾಸಿಗೆಗೆ ಹೋದರು. ಕೈಯಲ್ಲಿ ಟ್ರೇ ಇತ್ತು, ಇನ್ನೂ ಹದಿನಾಲ್ಕು ಜನಕ್ಕೆ ಮಾತ್ರೆ ಕೊಡುವುದಿತ್ತು. ಆ ಮನುಷ್ಯ ಗೋಡೆಯ ಕಡೆ ತಿರುಗಿ ಮಲಗಿದವನು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ಹಾಗೆಯೇ ಹೋಗಿಬಿಟ್ಟ.

"ನಾನು ಹೇಳಿದ್ದು ನಿಜಾನೇ. ಅವನು ಕೇಳಿದ್ದಕ್ಕೇ ಹೇಳಿದ್ದು. ಆದ್ರೆ ನಿಂತ್ಕೊಂಡು ಹೇಳ್ಬಿಟ್ಟೆ ಕಣೇ" ಅಂದರು. "ಬೇಡ, ಇಲ್ಲ, ಆಗಲ್ಲ ಅನ್ನೋ ಮಾತನ್ನ ಕೂತ್ಕೊಂಡು ಹೇಳ್ಬೇಕು. ಹೇಳಿದ ಮೇಲೂ ಕೂತಿರ್ಬೇಕು. ನಿಂತ್ಕೊಂಡು ಹೇಳಿದ್ರೆ ಅದು ಬಾಗಿಲು ಹಾಕಿದ ಹಾಗೆ."

ಅವರು ರಿಟೈರ್ ಆದ ವರ್ಷವೇ ನನ್ನನ್ನು ಟ್ರಸ್ಟಿನವರು ಟಿ. ನರಸೀಪುರದ ಆಸ್ಪತ್ರೆಗೆ ಹಾಕಿದರು. ಸಾಮಾನಿನ ವ್ಯಾನಿನಲ್ಲಿ ಸ್ಟೂಲನ್ನೂ ಹಾಕಿಕೊಂಡು ಬಂದೆ. ಕದ್ದೆ ಅನ್ನಿ. ದೊಡ್ಡ ಸಿಸ್ಟರ್ ಕೂಡ ನರಸೀಪುರದ ಹತ್ತಿರದ ಹಳ್ಳಿಗೇ ಬಂದು ತಮ್ಮನ ಮನೆಯಲ್ಲಿ ನಿಂತರು. ಅವರು ಮದುವೆಯಾಗಿರಲಿಲ್ಲ. ಆ ತಮ್ಮ ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದ ಮನುಷ್ಯ. ಅರವತ್ತರ ಹತ್ತಿರ ಬಂದರೂ ಅಕ್ಕ ಅಂದರೆ ಪ್ರಾಣ. ಅವ್ವ ಸತ್ತಾಗ ಆತನಿಗೆ ಆರು ವರ್ಷವಂತೆ, ಆಮೇಲೆ ಅಕ್ಕನೇ ಅವ್ವ. ಸಂತೆಗೆ ಬಂದಾಗೆಲ್ಲ ದೊಡ್ಡ ಸಿಸ್ಟರ್ ನಮ್ಮ ವಾರ್ಡಿಗೆ ಬಂದು, ಸುಕ್ಕಾದ ಹಾಸಿಗೆ ಬಟ್ಟೆಗಳನ್ನು ನೋಡಿ, ತುಟಿ ಕೊಂಕಿಸಿ ಹೋಗುತ್ತಿದ್ದರು. ಸ್ಟೂಲಿನ ಮೇಲೆ ಫೈಲುಗಳು ಕೂತಿರುವುದನ್ನು ಒಂದು ದಿನ ನೋಡಿದರು. ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ವರ್ಷ ಅವರೇ ರೋಗಿಯಾಗಿ ಬಂದರು. ಲಿವರಿನಲ್ಲಿ ಶುರುವಾದ ಗೆಡ್ಡೆ ಎಲ್ಲ ಕಡೆಗೂ ಹರಡಿತ್ತು. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ತಾವೇ ಓದಿ, ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದರು. ನನ್ನನ್ನೂ ಡಾಕ್ಟರನ್ನೂ ಎದುರಿಗೆ ಕರೆದು ಹೇಳಿದರು: ನೋವಿಗೆ ಔಷಧಿ ಕೊಡಿ, ಮೈ ಶುಚಿಯಾಗಿಡಿ, ಬಾಟ್ಲಿ ಬೇಡ, ಮೈಸೂರಿಗೆ ಕಳಿಸಬೇಡಿ. ಡಾಕ್ಟರು ಕೇಸ್ ಶೀಟಿನಲ್ಲಿ ಬರೆದುಕೊಂಡರು. ದೊಡ್ಡ ಸಿಸ್ಟರ್ ಸಹಿ ಹಾಕಿದರು.

"ನಿಮ್ಮ ತಮ್ಮನಿಗೆ ಹೇಳಿದೀರಾ?" ಎಂದು ಕೇಳಿದೆ.

ಅವರು ಕಿಟಕಿಯ ಕಡೆ ನೋಡಿದರು. "ಇಲ್ಲ ಕಣೇ. ಇಷ್ಟು ಜನಕ್ಕೆ ಹೇಳಿದೀನಿ, ಇವನಿಗೆ ಹೇಳೋಕೆ ಬಾಯಿ ಬರ್ತಿಲ್ಲ. ನಾಳೆ ಹೇಳ್ತೀನಿ" ಅಂದರು. ಮತ್ತೆ ನನ್ನ ಕೈ ಹಿಡಿದುಕೊಂಡು, "ನಾನು ಹೇಳೋ ಮುಂಚೆ ನನ್ನ ಬಾಯಿ ನಿಂತೋದ್ರೆ ನೀನು ಹೇಳ್ಬೇಕು. ಹೆಂಗೆ ಹೇಳೋದು ಗೊತ್ತಲ್ಲ?" ಎಂದರು.

"ಗೊತ್ತು" ಅಂದೆ.

ನಾಳೆ ಬಂತು, ನಾಡಿದ್ದೂ ಬಂತು. ತಮ್ಮ ದಿನಾ ಬಂದು ಎಳನೀರು ಕೊಟ್ಟು, ಹಸುವಿನ ಸುದ್ದಿ ಹೇಳಿ ಹೋಗುವನು. ಅವರು ಕೇಳಿಸಿಕೊಂಡು ನಗುವರು. ಐದನೆಯ ದಿನ ಬೆಳಗ್ಗೆ ಅವರಿಗೆ ಮಂಪರು ಹಿಡಿಯಿತು. ಕರೆದರೆ ಕಣ್ಣು ಅರೆ ತೆರೆಯುವರು, ಮಾತಿಲ್ಲ. ನಾನು ಅಂಗೈ ಉಜ್ಜಿಕೊಂಡು, ಹೇಳಿ, ತಿರುಗಿಸಿ, ಬೆನ್ನು ಒರೆಸಿದೆ. ಅಷ್ಟು ಮಾತ್ರ ಸರಿಯಾಗಿ ಮಾಡಿದೆ.

ಅವತ್ತು ಮಧ್ಯಾಹ್ನ ಇಬ್ಬರು ಸಿಸ್ಟರುಗಳು ರಜೆ. ಡಾಕ್ಟರು ನಂಜನಗೂಡಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ದಿನ. ಬಾಗಿಲ ಹತ್ತಿರ ಒಬ್ಬ ಹುಡುಗಿಗೆ ಫಿಟ್ಸ್ ಬಂದು ಆಗತಾನೇ ನಿಂತಿತ್ತು. ಮೂರು ಗಂಟೆಯ ಹೊತ್ತಿಗೆ ತಮ್ಮ ಬಂದ. ಜೊತೆಗೆ ಊರಿನ ಏಳೆಂಟು ಜನ.

"ಸಿಸ್ಟ್ರೇ, ಅಕ್ಕ ಮಾತೇ ಆಡ್ತಿಲ್ವಲ್ಲ. ಒಂದ್ ಬಾಟ್ಲಾದ್ರೂ ಆಕ್ಬಾರ್ದಾ? ಎಲ್ಲಾರ್ಗೂ ಆಕಿದೀರಿ, ನಮ್ಮಕ್ಕುಂಗೆ ಮಾತ್ರ ಇಲ್ಲ. ಊರೋರು ನೋಡ್ಕಂಡು ಓಯ್ತಾವ್ರೆ."

ಸ್ಟೂಲು ನನ್ನ ಪಕ್ಕದಲ್ಲೇ ಇತ್ತು. ಮೇಲೆ ಪೆಟ್ಟಿಗೆ ಇತ್ತು. ಸೂಜಿ ಚುಚ್ಚದೆ ಸುಮ್ಮನೆ ಪ್ಲಾಸ್ಟರ್ ಅಂಟಿಸಿ ಬಾಟ್ಲಿ ನೇತುಹಾಕಿಬಿಡೋಣ ಅಕ್ಕಾ ಎಂದು ಹೊಸ ಸಿಸ್ಟರ್ ನನ್ನ ಕಿವಿಯಲ್ಲಿ ಹೇಳಿದಳು. ಅವಳಿಗೆ ಕಣ್ಣಲ್ಲೇ ಗದರಿದೆ. ಸುಳ್ಳು ಹೇಳಲಿಲ್ಲ ಎಂಬ ಹೆಮ್ಮೆ ಬೇರೆ ಆ ಹೊತ್ತಿನಲ್ಲಿ! ಕೈಯಲ್ಲಿ ಫಿಟ್ಸಿನ ಹುಡುಗಿಯ ಇಂಜೆಕ್ಷನ್ ಟ್ರೇ ಹಿಡಿದುಕೊಂಡೇ ಅಂದೆ:

"ಬಾಟ್ಲಿ ಹಾಕಲ್ಲ ಅಣ್ಣ. ಅವರೇ ಬೇಡ ಅಂದಿದ್ದಾರೆ. ಸಹಿ ಮಾಡಿದ್ದಾರೆ, ಫೈಲಲ್ಲಿದೆ."

ಒಂದೇ ಒಂದು ಸುಳ್ಳಿಲ್ಲದ ಮಾತು. ಆತ ನನ್ನ ಮುಖ ನೋಡಿದ, ಫೈಲು ನೋಡಿದ, ಜೊತೆಗೆ ಬಂದವರ ಕಡೆ ತಿರುಗಿದ. "ನಮ್ಮಕ್ಕ ಹಂಗಂದಿರಕ್ಕಿಲ್ಲ. ಮೂವತ್ತೈದು ವರ್ಷ ಗೇದವ್ಳಿಗೆ ಒಂದ್ ಬಾಟ್ಲು ಆಕಕ್ಕೆ ಫೈಲು ತೋರುಸ್ತೀರಾ?" ಎಂದು ಅಬ್ಬರಿಸಿದ. ನಾನು ಟ್ರೇ ಹಿಡಿದುಕೊಂಡು ಹುಡುಗಿಯ ಹಾಸಿಗೆಗೆ ಹೋದೆ, ಆಮೇಲೆ ಬಂದು ಮಾತಾಡೋಣ ಅಂತ. ಹತ್ತು ನಿಮಿಷ ಆಗಿರಬಹುದು. ತಿರುಗಿ ಬರುವಷ್ಟರಲ್ಲಿ ಆತ ಬಾಡಿಗೆ ಆಂಬುಲೆನ್ಸಿಗೆ ಫೋನು ಮಾಡಿಯಾಗಿತ್ತು. ಬೇಡ ಅಣ್ಣ, ಬೇಡ ಅಣ್ಣ ಎಂದು ಗೇಟಿನವರೆಗೂ ಹಿಂದೆ ಓಡಿದೆ. ಆ ಹೊತ್ತಿಗೆ ಆತನ ಕಿವಿ ಮುಚ್ಚಿಹೋಗಿತ್ತು. ಸ್ಟ್ರೆಚರ್ ಎತ್ತುವಾಗ ದೊಡ್ಡ ಸಿಸ್ಟರ್ ಅರ್ಧ ಕಣ್ಣು ತೆರೆದು ನೋಡಿದರು. ನನ್ನನ್ನೇ ನೋಡಿದರೋ, ಬೆಳಕನ್ನು ನೋಡಿದರೋ ಗೊತ್ತಿಲ್ಲ. ನನ್ನನ್ನೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೈಸೂರಿನಲ್ಲಿ ಎರಡು ದಿನ ಇದ್ದರು. ಮೂರನೆಯ ದಿನ ಬೆಳಗ್ಗೆ ಹೋದರು ಎಂದು ಫೋನು ಬಂತು.

ಹನ್ನೊಂದನೆಯ ದಿನ ಅವರ ಊರಿಗೆ ಹೋದೆ. ಹೋಗಬಾರದು ಅಂದುಕೊಂಡೇ ಬಸ್ಸು ಹತ್ತಿದೆ. ಬೀದಿಯಲ್ಲಿ ಶಾಮಿಯಾನ ಹಾಕಿದ್ದರು. ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ಅವರ ಫೋಟೊ, ಯಾವುದೋ ಕಾರ್ಡಿನಿಂದ ತೆಗೆದು ದೊಡ್ಡದು ಮಾಡಿಸಿದ್ದು. ಅಷ್ಟು ದೊಡ್ಡದಾಗಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಮೇಣದ ಬತ್ತಿ ಹಚ್ಚಿ ಈಚೆ ಬಂದೆ. ತಮ್ಮ ನನ್ನನ್ನು ಬೈದು ಕಳಿಸುತ್ತಾನೆ ಅಂದುಕೊಂಡಿದ್ದೆ. ಆತ ಪ್ಲಾಸ್ಟಿಕ್ ಕುರ್ಚಿ ಒಂದನ್ನು ಒರೆಸಿ, "ಕೂತ್ಕಳಿ ಸಿಸ್ಟ್ರೇ" ಅಂದ. ತಾನೂ ಎದುರಿಗೆ ಕೂತ. ಗಡ್ಡ ಬೆಳೆದಿತ್ತು, ಮನುಷ್ಯ ಅರ್ಧ ಆಗಿದ್ದ.

"ಎಲ್ಲಾ ಮಾಡಿಸ್ದೆ. ಬಾಟ್ಲು ಮೇಲೆ ಬಾಟ್ಲು ಆಕುದ್ರು. ನನ್ನ ಒಳಕ್ಕೆ ಬುಡ್ನಿಲ್ಲ, ಗಾಜಿನ ಬಾಗ್ಲಲ್ಲಿ ನೋಡ್ಕಂಡು ನಿಂತಿದ್ದೆ" ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ಬಾಡಿ ಕೊಟ್ಟಾಗ ಕೈ ಎರಡೂ ಊದ್ಕಂಡಿದ್ದೋ. ಅಕ್ಕುಂಗೆ ನೋವಾಗಿರ್ತದಾ ಸಿಸ್ಟ್ರೇ? ನಿಜ ಯೋಳಿ."

ಇಲ್ಲ ಅಣ್ಣ ಅನ್ನಬಹುದಿತ್ತು. ನನಗೂ ಸಾಕಾಗಿತ್ತು, ಆತನಿಗೂ ಸಾಕಾಗಿತ್ತು. ಆದರೆ ಆ ಫೋಟೊ ಬಾಗಿಲಿನಿಂದ ಕಾಣುತ್ತಿತ್ತು.

"ಆಗಿರತ್ತೆ ಅಣ್ಣ" ಅಂದೆ. ಆತ ಕಣ್ಣು ಮುಚ್ಚಿಕೊಂಡ. ನಾನು ಏಳಲಿಲ್ಲ. ಹಾಗೇ ಕೂತು, ಅವರು ನನಗೆ ಒಪ್ಪಿಸಿದ್ದನ್ನೆಲ್ಲ ಹೇಳಿದೆ. ರಿಪೋರ್ಟು ಓದಿ ಮಡಿಸಿ ಇಟ್ಟುಕೊಂಡದ್ದು. ಬಾಟ್ಲಿ ಬೇಡ ಅಂದದ್ದು ಯಾಕೆ ಎಂಬುದು. ನೀರು ಎದೆಯಲ್ಲಿ ತುಂಬಿಕೊಳ್ಳುವುದು. ಹೆಡತಲೆಯ ಅಜ್ಜಿಯ ಮಕ್ಕಳು ತುಟಿ ಒರೆಸುತ್ತಾ ಕೂತದ್ದು. ತಮ್ಮನಿಗೆ ಹೇಳಲು ಬಾಯಿ ಬರುತ್ತಿಲ್ಲ ಎಂದು ಅವರು ಕಿಟಕಿಯ ಕಡೆ ನೋಡಿದ್ದು. ಹೇಳಿ ಮುಗಿಸುವಷ್ಟರಲ್ಲಿ ಊಟದ ಎರಡು ಪಂಕ್ತಿ ಎದ್ದಿದ್ದವು. ಊಟಕ್ಕೆ ಏಳಿ ಎಂದು ಯಾರೋ ಬಂದು ಕರೆದರು. ಆತ ಕೈಯಾಡಿಸಿ ಅವರನ್ನು ಕಳಿಸಿದ.

ಆಮೇಲೆ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಇದ್ನ ಅವತ್ತೇ, ಹಿಂಗೇ ನನ್ನ ಎದ್ರುಗೆ ಕೂತ್ಕಂಡು ಯೋಳಿದ್ರೆ, ನಾನು ಕೇಳ್ತಿರ್ಲಿಲ್ವಾ ಸಿಸ್ಟ್ರೇ?"